ನಮ್ಮ ಭಾಗದ ಹುಡುಗಿಯರ ಸಾಫ್ಟ್‌ಬಾಲ್ ಲೀಗ್: ಕೋಚ್‌ಗಳನ್ನು ನೋಡಿಯೇ ಸೇರಿಸಿ

ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯ ನಮ್ಮ ಭಾಗದಲ್ಲಿ ನಡೆಯುವ ಹುಡುಗಿಯರ ಸಾಫ್ಟ್‌ಬಾಲ್ ಲೀಗಿಗೆ ಮಗಳನ್ನು ಸೇರಿಸಬಹುದೇ ಎಂದು ಯುಗಾದಿ ಊಟದ ಸಾಲಿನಲ್ಲಿ ಇಬ್ಬರು ತಾಯಂದಿರು ಕೇಳಿದರು. ಅಲ್ಲಿ ನಿಂತು ಹೇಳಿ ಮುಗಿಸುವ ಮಾತಲ್ಲ ಅದು. ಧಾರಾಳವಾಗಿ ಸೇರಿಸಿ ಅನ್ನುವುದೇ ನನ್ನ ಉತ್ತರ. ಆದರೆ ಮೈದಾನವನ್ನೋ ಸಮವಸ್ತ್ರವನ್ನೋ ನೋಡಿ ಅಲ್ಲ, ಕೋಚ್‌ಗಳನ್ನು ನೋಡಿ.

ಈ ಕೋಚ್‌ಗಳು ಯಾರೂ ಸಂಬಳಕ್ಕೆ ಬರುವವರಲ್ಲ. ಆಡುವ ಹುಡುಗಿಯರ ಅಪ್ಪ ಅಮ್ಮಂದಿರೇ ಹೆಚ್ಚಿನವರು. ಹತ್ತು ವರ್ಷದೊಳಗಿನವರ ನಮ್ಮ ತಂಡದ ಹೆಡ್ ಕೋಚ್ ಆಸ್ಪತ್ರೆಯಲ್ಲಿ ನರ್ಸ್, ಕಾಲೇಜಿನಲ್ಲಿ ಕ್ಯಾಚರ್ ಆಗಿ, ಅಂದರೆ ಬ್ಯಾಟರ್ ಹಿಂದೆ ಕೂತು ಚೆಂಡು ಹಿಡಿಯುವವರಾಗಿ, ಆಡಿದವರು. ಅವರ ಜೊತೆಗಿರುವ ಅಸಿಸ್ಟೆಂಟ್ ಕೋಚ್ ಇನ್ನೊಂದು ಹುಡುಗಿಯ ಅಪ್ಪ. ಅವರಿಗೆ ಗೊತ್ತಿದ್ದದ್ದು ಬೇಸ್‌ಬಾಲ್ ಮಾತ್ರ. ಸಾಫ್ಟ್‌ಬಾಲಿನ ಪಿಚಿಂಗನ್ನು, ಅಂದರೆ ಬ್ಯಾಟರ್‌ಗೆ ಚೆಂಡು ಎಸೆಯುವುದನ್ನು, ಅವರೂ ಮಕ್ಕಳ ಜೊತೆ ನಿಂತೇ ಕಲಿತರು.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಇದು ಬೇಸ್‌ಬಾಲಿನಂಥದೇ ಆಟ: ಪಿಚರ್ ಎಸೆದ ಚೆಂಡನ್ನು ಹೊಡೆದು, ಮೂರು ಮೂಲೆಗಳ ಬೇಸ್‌ಗಳನ್ನು ಮುಟ್ಟುತ್ತಾ ಓಡಿ, ಬ್ಯಾಟ್ ಮಾಡಿದ ಜಾಗಕ್ಕೆ, ಅಂದರೆ ಹೋಮ್‌ಗೆ, ಮರಳಿದರೆ ಒಂದು ರನ್. ಈ ವಯಸ್ಸಿನವರ ಚೆಂಡಿನ ಸುತ್ತಳತೆ 11 ಇಂಚು, ಹನ್ನೆರಡು ವರ್ಷದೊಳಗಿನವರಿಗೆ ಹೋದಾಗ 12 ಇಂಚು. ಬೇಸ್‌ನಿಂದ ಬೇಸ್‌ಗೆ 60 ಅಡಿ. ಪಿಚರ್ ನಿಲ್ಲುವುದು ಬ್ಯಾಟ್ ಹಿಡಿದವಳಿಂದ 35 ಅಡಿ ದೂರದಲ್ಲಿ. ಬಾವಿಯ ರಾಟೆ ತಿರುಗಿದ ಹಾಗೆ ತೋಳನ್ನು ಒಂದು ಸುತ್ತು ತಿರುಗಿಸಿ, ಸೊಂಟದ ಹತ್ತಿರ ಕೆಳಗಿನಿಂದ ಚೆಂಡು ಬಿಡಬೇಕು. ಚೆಂಡು ಗಟ್ಟಿಯಾಗಿರುತ್ತದೆ, ಮುಖಕ್ಕೆ ಬಡಿದರೆ ಹಲ್ಲು ಉಳಿಯುವುದಿಲ್ಲ. ಬ್ಯಾಟಿಂಗ್ ಹೆಲ್ಮೆಟ್ಟಿಗೆ ಜಾಲರಿ ಇರುತ್ತದೆ, ಫೀಲ್ಡಿಂಗ್‌ಗೆ ಬೇರೆ ಮಾಸ್ಕ್ ಸಿಗುತ್ತದೆ. ಎಲ್ಲಿ ಬೇಕಾದರೂ ಉಳಿಸಿ, ಆ ಮಾಸ್ಕಿನ ದುಡ್ಡು ಮಾತ್ರ ಉಳಿಸಬೇಡಿ.

ನಾನು ಮೊದಲು ವಿಚಾರಿಸಿದ್ದು ಸುರಕ್ಷತೆಯನ್ನು. ಅಪರಿಚಿತರ ಕೈಗೆ ಮಗಳನ್ನು ಒಪ್ಪಿಸುವಾಗ ಯಾವ ತಾಯಿಯೂ ಕೇಳಬೇಕಾದದ್ದು. ಮಕ್ಕಳ ಸಂಸ್ಥೆಗಳಲ್ಲಿ ನಿಯಮಿತವಾಗಿ ದುಡಿಯುವ ಸ್ವಯಂಸೇವಕರು ಬೆರಳಚ್ಚು ಕೊಟ್ಟು ಹಿನ್ನೆಲೆ ತಪಾಸಣೆಗೆ ಒಳಗಾಗಬೇಕು, ಮಕ್ಕಳ ಮೇಲಿನ ದೌರ್ಜನ್ಯವನ್ನು ಗುರುತಿಸುವ ತರಬೇತಿಯನ್ನೂ ಪಡೆಯಬೇಕು ಎಂಬ ಕಾನೂನು ಕ್ಯಾಲಿಫೋರ್ನಿಯಾದಲ್ಲಿ 2022ರಿಂದ ಜಾರಿಯಲ್ಲಿದೆ. ನಮ್ಮ ಕೋಚ್‌ಗಳು ಅದರ ಜೊತೆಗೆ ತಲೆಪೆಟ್ಟಿನ ಬಗ್ಗೆ ಅಮೆರಿಕದ ಆರೋಗ್ಯ ಸಂಸ್ಥೆ ಸಿಡಿಸಿಯ ಆನ್‌ಲೈನ್ ಪಾಠವನ್ನೂ ಮುಗಿಸಿದ್ದರು. ಒಮ್ಮೆ ಓಡುವಾಗ ಇಬ್ಬರು ಹುಡುಗಿಯರ ತಲೆಗೆ ತಲೆ ಡಿಕ್ಕಿಯಾಯಿತು. ಒಬ್ಬಳು ಐದೇ ನಿಮಿಷದಲ್ಲಿ ಎದ್ದು, "ಏನೂ ಆಗಿಲ್ಲ, ಆಡ್ತೀನಿ" ಎಂದಳು. ಕೋಚ್ ಒಪ್ಪಲಿಲ್ಲ. ಡಾಕ್ಟರ ಚೀಟಿ ಬರುವ ತನಕ ಅವಳು ಮೈದಾನದ ಪಕ್ಕ ಆಟಗಾರರು ಕೂರುವ ಡಗೌಟ್‌ನಲ್ಲಿ ಕೂತು ಸ್ಕೋರ್ ಬರೆದಳು. ಆ ಎರಡು ವಾರ ತಂಡ ಸೋಲುತ್ತಿತ್ತು, ಆಕೆಯೋ ನಮ್ಮಲ್ಲಿ ಒಳ್ಳೆಯ ಹಿಟ್ಟರ್. ಕೋಚ್ ನಿರ್ಧಾರ ಬದಲಿಸಲಿಲ್ಲ.

ಇನ್ನು ಕಲಿಸುವ ರೀತಿ. ಬೇಸಿಗೆ ಜಾರಿಕೊಂಡು ಬರುವುದಕ್ಕೆ ಮಕ್ಕಳು ಹೆದರುತ್ತಾರೆ. ಕೋಚ್ ಒಂದು ಸಂಜೆ ಹುಲ್ಲಿನ ಮೇಲೆ ನೀಲಿ ಟಾರ್ಪಾಲು ಹಾಸಿ, ಪೈಪಿನಿಂದ ನೀರು ಬಿಟ್ಟು, ಶೂ ಬಿಚ್ಚಿಸಿ ಕಾಲುಚೀಲದಲ್ಲೇ ಓಡಿ ಜಾರಲು ಹೇಳಿದರು. ಒಂದು ಕಾಲು ಮಡಚಬೇಕು, ಇನ್ನೊಂದನ್ನು ಮುಂದಕ್ಕೆ ಚಾಚಬೇಕು, ಗದ್ದ ಎದೆಗೆ ತಾಗಿರಬೇಕು, ಎರಡೂ ಕೈ ಮೇಲೆ. ಕೈ ನೆಲಕ್ಕೂರಿದರೆ ಮಣಿಕಟ್ಟಿಗೆ ಪೆಟ್ಟು, ತಲೆ ಹಿಂದಕ್ಕೆ ಹೋದರೆ ಬುರುಡೆಗೆ ಪೆಟ್ಟು ಎಂದು ಕಾರಣ ಸಮೇತ ತಿಳಿಸಿದರು. ಹುಡುಗಿಯರು ಕತ್ತಲಾಗುವ ತನಕ ಜಾರಿದರು. ಮುಂದಿನ ಶನಿವಾರ ಮಣ್ಣಿನ ಮೇಲೆ ಜಾರುವಾಗ ಒಬ್ಬಳೂ ಹಿಂಜರಿಯಲಿಲ್ಲ.

ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಪಿಚಿಂಗ್ ಕೈಕೊಟ್ಟಾಗ ಅವರು ನಡೆದುಕೊಂಡ ರೀತಿ. ಈ ವಯಸ್ಸಿನ ಪಿಚರ್‌ಗಳ ಚೆಂಡು ಎಲ್ಲೆಂದರಲ್ಲಿ ಹೋಗುತ್ತದೆ. ಹೀಗೆ ಗುರಿ ತಪ್ಪಿ, ಬ್ಯಾಟರ್ ಹೊಡೆಯದೆ ಬಿಟ್ಟ ಎಸೆತಕ್ಕೆ "ಬಾಲ್" ಎನ್ನುತ್ತಾರೆ. ಅಂಥ ನಾಲ್ಕು ಬಾಲ್ ಆದರೆ ಬ್ಯಾಟರ್ ಸುಮ್ಮನೆ ಮೊದಲ ಬೇಸಿಗೆ ನಡೆದುಹೋಗುತ್ತಾಳೆ. ನನ್ನ ಮಗಳು ಒಂದು ದಿನ ಸಾಲಾಗಿ ಹೀಗೆ ಬಿಟ್ಟುಕೊಡುತ್ತಾ ಬಂದು, ಬೇಸ್‌ಗಳೆಲ್ಲ ತುಂಬಿ, ಕಣ್ಣಲ್ಲಿ ನೀರು ತಂದುಕೊಂಡಳು. ಕೋಚ್ ಆಟ ನಿಲ್ಲಿಸಲು ಟೈಮ್ ಕೇಳಿ ಒಳಗೆ ಹೋದರು. ಅವಳೊಬ್ಬಳ ಹತ್ತಿರವೇ ನಿಲ್ಲದೆ ಕ್ಯಾಚರನ್ನೂ ಬೇಸ್‌ಗಳ ಹತ್ತಿರ ನಿಲ್ಲುವ ಇನ್‌ಫೀಲ್ಡಿನ ಎಲ್ಲರನ್ನೂ ಪಿಚರ್ ನಿಲ್ಲುವ ವೃತ್ತಕ್ಕೆ ಕರೆದರು. "ಚೆಂಡು ನಿನ್ನ ಹತ್ತಿರ ಬಂದರೆ ಎಲ್ಲಿಗೆ ಎಸೀತೀಯ?" ಎಂದು ಒಬ್ಬೊಬ್ಬಳನ್ನೇ ಕೇಳಿದರು. "ಹೋಮ್‌ಗೆ", "ಹೋಮ್‌ಗೆ", "ಮೂರನೇ ಬೇಸ್ ಮುಟ್ಟಿ ಹೋಮ್‌ಗೆ". ಎಲ್ಲರೂ ಹೇಳಿ ಮುಗಿಸುವಷ್ಟರಲ್ಲಿ ಮಗಳು ಮೂಗು ಒರೆಸಿಕೊಂಡು ಸುಧಾರಿಸಿಕೊಂಡಿದ್ದಳು. ಅವಳ ಅಳುವಿನ ಬಗ್ಗೆ ಯಾರೂ ಒಂದು ಮಾತು ಎತ್ತಲಿಲ್ಲ. ಆಮೇಲೂ ಎರಡು ರನ್ ಹೋಯಿತು, ಹೋಗಲಿ. ಮುಂದಿನ ಆಟದಲ್ಲಿ "ಪಿಚ್ ಮಾಡ್ತೀನಿ" ಎಂದು ಅವಳೇ ಕೈ ಎತ್ತಿದಳು.

ಸಾಗರದ ಕಡೆ ನಾನು ಓದಿದ ಹೈಸ್ಕೂಲಿನಲ್ಲಿ ಖೋಖೋ ತಂಡವಿತ್ತು. ಚುರುಕಾಗಿ ಓಡುವವರಿಗಷ್ಟೇ ಪಿ.ಟಿ. ಮೇಷ್ಟ್ರ ಗಮನ. ಉಳಿದ ನಾವು ಅವರ ಚೀಲ ಕಾಯುತ್ತಾ ಕೂರುತ್ತಿದ್ದೆವು. ಅದರ ನೋವು ನನ್ನಲ್ಲಿ ಇನ್ನೂ ಇದೆ. ಇಲ್ಲಿ ತಂಡದ ಎಲ್ಲರೂ ಸರದಿಯಲ್ಲಿ ಬ್ಯಾಟ್ ಮಾಡುತ್ತಾರೆ, ಅದು ಲೀಗಿನ ನಿಯಮ. ನಮ್ಮ ಕೋಚ್ ಒಂದು ಹೆಜ್ಜೆ ಮುಂದೆ ಹೋಗಿ, ಯಾರು ಯಾವ ಇನಿಂಗ್ಸಿನಲ್ಲಿ ಎಲ್ಲಿ ಆಡಬೇಕೆಂದು ಮೊದಲೇ ಚಾರ್ಟ್ ಬರೆದು ಡಗೌಟಿನ ಬೇಲಿಗೆ ಸಿಕ್ಕಿಸುತ್ತಿದ್ದರು. ಚೆಂಡು ಅಪರೂಪಕ್ಕೆ ಬರುವ ರೈಟ್ ಫೀಲ್ಡಿನಲ್ಲಿ ಅವರ ಮಗಳೂ ನಿಂತಳು.

ಎಲ್ಲ ಕೋಚ್‌ಗಳೂ ಹೀಗಿರುವುದಿಲ್ಲ, ಅದನ್ನೂ ಹೇಳಲೇಬೇಕು. ಹಿಂದಿನ ಸೀಸನ್ನಿನಲ್ಲಿ ನಮಗೆ ಸಿಕ್ಕ ಕೋಚ್ ತಮ್ಮ ಮಗಳನ್ನು ಪಿಚಿಂಗ್‌ನಿಂದ ಕೆಳಗಿಳಿಸಿದ್ದೇ ಕಡಿಮೆ. ಅಂಪೈರ್ ಮೇಲೆ ಕೂಗಾಡುತ್ತಿದ್ದರು, ಆ ಅಂಪೈರೋ ಹೈಸ್ಕೂಲ್ ಹುಡುಗ. ಇಂಥ ಅಪ್ಪಂದಿರ ಆಟಕ್ಕೆ ಇಲ್ಲಿ "ಡ್ಯಾಡಿ ಬಾಲ್" ಎಂದೇ ಹೆಸರು. ನಾವು ಮೂರು ಮನೆಯವರು ಸೇರಿ ಲೀಗಿನ ಬೋರ್ಡಿಗೆ ಪತ್ರ ಬರೆದೆವು. ಉತ್ತರ ಬರಲು ಸೀಸನ್ನೇ ಮುಗಿಯಿತು. ದೂರು ಕೇಳುವ ವಿಷಯದಲ್ಲಿ ಲೀಗ್ ಬಹಳ ನಿಧಾನ, ಅದಕ್ಕೆ ಒಂದು ಸ್ಟಾರ್ ಕಡಿಮೆ ಕೊಡುತ್ತೇನೆ. ಹೊಸ ಕೋಚ್‌ಗಳಿಗೆ ಒಂದೇ ಸಂಜೆಯ ತರಬೇತಿ ಕೊಟ್ಟು ಕೈಬಿಡುವುದೂ ಸರಿಯಲ್ಲ. ಮೈದಾನ ಗುಡಿಸುವುದು, ಸುಣ್ಣದ ಗೆರೆ ಎಳೆಯುವುದು, ಸಾಮಾನಿನ ಚೀಲ ಹೊರುವುದು ಎಲ್ಲ ಅವರ ತಲೆಗೇ ಕಟ್ಟಿದ್ದಾರೆ. ರಾತ್ರಿ ಪಾಳಿ ಮುಗಿಸಿ ನೇರ ಮೈದಾನಕ್ಕೆ ಬಂದು ಗೆರೆ ಎಳೆಯುತ್ತಿದ್ದ ನಮ್ಮ ಕೋಚನ್ನು ನೋಡಿ ನನಗೆ ಸಿಟ್ಟು ಬಂದದ್ದು ಕೈಕಟ್ಟಿ ಕೂತ ನಮ್ಮ ಪೋಷಕರ ಮೇಲೆ.

ಮಳೆ ಹನಿದು ಆಟ ನಿಂತ ಒಂದು ದಿನ ಅವರು ಮಕ್ಕಳಿಗೆ ಮರಿಯಾ ಪೆಪೆಯ ಕಥೆ ಹೇಳಿದರು. ನ್ಯೂಜೆರ್ಸಿಯ ಹೊಬೋಕನ್ನಿನ ಈ ಹುಡುಗಿ 1972ರಲ್ಲಿ ಮಕ್ಕಳ ಬೇಸ್‌ಬಾಲ್ ಸಂಸ್ಥೆ ಲಿಟಲ್ ಲೀಗಿನ ಹುಡುಗರ ತಂಡದಲ್ಲಿ ಮೂರು ಆಟ ಆಡಿದಳು, ಹುಡುಗಿ ಎಂಬ ಕಾರಣಕ್ಕೆ ತಂಡ ಬಿಡಬೇಕಾಯಿತು. ವಿಷಯ ಕೋರ್ಟಿಗೆ ಹೋಗಿ, 1974ರಲ್ಲಿ ಲಿಟಲ್ ಲೀಗ್ ಹುಡುಗಿಯರಿಗೆ ಬಾಗಿಲು ತೆರೆಯಿತು. ಸಾಫ್ಟ್‌ಬಾಲ್ ವಿಭಾಗ ಶುರುವಾದದ್ದೂ ಅದೇ ವರ್ಷ. ಕೇಳುತ್ತಿದ್ದ ನಮ್ಮವಳು, "ಅವಳಿಗೆ ಆಮೇಲೆ ಆಡೋಕೆ ಸಿಕ್ತಾ?" ಎಂದಳು. ಅಷ್ಟರಲ್ಲಿ ಅವಳಿಗೆ ವಯಸ್ಸು ಮೀರಿತ್ತು ಎಂದು ಕೋಚ್ ಮುಚ್ಚಿಡದೆ ಹೇಳಿದರು.

ಶುಲ್ಕ ಇನ್ನೂರು ಚಿಲ್ಲರೆ ಡಾಲರ್. ಊರೂರು ಸುತ್ತುವ ಟ್ರಾವೆಲ್ ಬಾಲ್ ತಂಡಗಳಿಗೆ ಸಾವಿರಾರು ಬೇಕು, ಈ ವಯಸ್ಸಿಗೆ ಅದರ ಅಗತ್ಯ ನನಗಂತೂ ಕಾಣುವುದಿಲ್ಲ. ದುಬಾರಿ ಬ್ಯಾಟ್ ಬೇಡ, ಲೀಗಿನವರೇ ಹಳೆಯದನ್ನು ಕೊಡುತ್ತಾರೆ. ಗ್ಲೌವ್ ಮಾತ್ರ ಕೈಗೆ ಹೊಂದುವಂಥದ್ದನ್ನು ನೋಡಿ ತನ್ನಿ. ಹೆಸರು ಬರೆಸುವಾಗ ತಂಡ ಯಾವುದೆಂದು ಗೊತ್ತಾಗುವುದಿಲ್ಲ. ಪಟ್ಟಿ ಬಂದ ಕೂಡಲೇ ಕೋಚ್‌ಗೆ ಫೋನ್ ಮಾಡಿ, ಮಕ್ಕಳ ಜಾಗ ಹೇಗೆ ಬದಲಿಸುತ್ತೀರಿ ಎಂದು ಕೇಳಿ. ಹಾಗೆಯೇ ಶನಿವಾರ ಬೆಳಿಗ್ಗೆ ಗೆರೆ ಎಳೆಯಲು ನಾನು ಬರುತ್ತೇನೆ ಎಂದೂ ಹೇಳಿ. ಮುಂದಿನ ಸೀಸನ್ನಿಗೆ ನಾನು ಸ್ಕೋರ್ ಬರೆಯುವ ಕೆಲಸ ಒಪ್ಪಿಕೊಂಡಿದ್ದೇನೆ, ನಮ್ಮ ಯಜಮಾನರು ಮೈದಾನ ಗುಡಿಸುವುದಕ್ಕೆ ಹೆಸರು ಕೊಟ್ಟಿದ್ದಾರೆ.