ಅಪ್ಪನ ಶುಗರ್ ಮಾತ್ರೆ ಮತ್ತು ಮೈಸೂರಿನ ಒಂದು ಜನೌಷಧಿ ಅಂಗಡಿ

ಮೂರು ವರ್ಷದಿಂದ ಮೈಸೂರಿನ ಒಂದು ಜನೌಷಧಿ ಕೇಂದ್ರದಲ್ಲಿ ಅಪ್ಪನ ಮಾತ್ರೆ ತಗೊಳ್ಳುತ್ತಿದ್ದೇನೆ. ಯಾವ ಬಡಾವಣೆಯದು ಅಂತ ಹೇಳುವುದಿಲ್ಲ. ಕೆಳಗೆ ಸ್ವಲ್ಪ ಬೈಯುವುದಿದೆ, ಕೌಂಟರಿನ ಹುಡುಗನ ಮುಖ ಮುಂದಿನ ತಿಂಗಳೂ ನೋಡಬೇಕಲ್ವಾ.

ಅಪ್ಪ ಇರುವುದು ಮಂಡ್ಯ ಹತ್ತಿರದ ಹಳ್ಳಿಯಲ್ಲಿ. ಶುಗರ್, ಬಿಪಿ, ಕೊಲೆಸ್ಟ್ರಾಲ್ ಮೂರೂ ಇದೆ. 2022ರಲ್ಲಿ ಡಾಕ್ಟರು ಸಿಟಾಗ್ಲಿಪ್ಟಿನ್ ಜೊತೆ ಮೆಟ್‌ಫಾರ್ಮಿನ್ ಸೇರಿದ ಮಾತ್ರೆ ಬರೆದರು, ಬೆಳಿಗ್ಗೆ ಒಂದು ರಾತ್ರಿ ಒಂದು. ಮೆಡಿಕಲ್ ಸ್ಟೋರಿನಲ್ಲಿ ಎಲ್ಲ ಸೇರಿ ತಿಂಗಳಿಗೆ 1,900 ರೂಪಾಯಿ ಹತ್ತಿರ ಆಗುತ್ತಿತ್ತು. ಕಬ್ಬಿನ ದುಡ್ಡು ಯಾವಾಗ ಬರುತ್ತೋ ಅಂತ ಕಾಯುವ ಮನುಷ್ಯ, ತಿಂಗಳು ತಿಂಗಳು ಇಷ್ಟು ಎಣಿಸಿಕೊಡಬೇಕು ಅಂದರೆ ಹೊಟ್ಟೆ ಉರಿಯುತ್ತೆ. ನಾನು ಕೊಡ್ತೀನಿ ಅಂದರೆ ಅದಕ್ಕೂ ಒಪ್ಪಲ್ಲ. ಆಯುಷ್ಮಾನ್ ಕಾರ್ಡ್ ಇದೆಯಲ್ಲ ಅಂತ ನೆಂಟರು ಹೇಳುತ್ತಾರೆ, ಆದರೆ ಅದು ಆಸ್ಪತ್ರೆಗೆ ಅಡ್ಮಿಟ್ ಆದಾಗ ಆಗುವ ಖರ್ಚಿಗೆ. ಮನೆಯಲ್ಲಿ ದಿನಾ ನುಂಗುವ ಮಾತ್ರೆಗೆ ಅದರಿಂದ ಏನೂ ಸಿಗಲ್ಲ.

ಆ ವರ್ಷ ಜುಲೈನಲ್ಲಿ ಸಿಟಾಗ್ಲಿಪ್ಟಿನ್ ಪೇಟೆಂಟ್ ಮುಗಿದಿತ್ತು, ಅಂದರೆ ಬೇರೆ ಕಂಪನಿಗಳೂ ಅದನ್ನು ಮಾಡಿ ಅಗ್ಗಕ್ಕೆ ಮಾರಬಹುದಿತ್ತು. ಸೆಪ್ಟೆಂಬರ್‌ನಲ್ಲಿ ಜನೌಷಧಿಗೂ ಬಂತು, 50/500ರ (ಸಿಟಾಗ್ಲಿಪ್ಟಿನ್ 50, ಮೆಟ್‌ಫಾರ್ಮಿನ್ 500 ಮಿಲಿಗ್ರಾಂ) ಹತ್ತು ಮಾತ್ರೆಗೆ 65 ರೂಪಾಯಿ. ಬಿಪಿಯದು, ಕೊಲೆಸ್ಟ್ರಾಲಿನದು ಸೇರಿಸಿದರೂ ತಿಂಗಳ ಬಿಲ್ಲು 500 ದಾಟಲಿಲ್ಲ. ಏನೋ ಬಿಟ್ಟುಹೋಗಿದೆ ಅಂದುಕೊಂಡು ಇನ್ನೊಂದ್ಸಲ ಕೂಡಿಸಿ ಅಂದೆ.

ಅಪ್ಪ ಸ್ಟ್ರಿಪ್ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು. ‘ಸೀಮೆಸುಣ್ಣದ ಪುಡಿ ಕಣವ್ವ ಇದು. ಈ ರೇಟಿಗೆ ಬೂಸಾನೂ ಬರಲ್ಲ.’

ನನಗೂ ಒಳಗೆ ಅದೇ ಅನುಮಾನ ಇತ್ತು, ಸುಳ್ಳು ಯಾಕೆ ಹೇಳಲಿ. ಆಮೇಲೆ ವಿಚಾರಿಸಿದೆ. ಈ ಯೋಜನೆ 2008ರಿಂದ ಇದೆ. ಕೇಂದ್ರ ಸರ್ಕಾರದ ಔಷಧ ಬ್ಯೂರೋ ಕಂಪನಿಗಳಿಂದ ಟೆಂಡರ್ ಕರೆದು ಒಟ್ಟಿಗೆ ಕೊಳ್ಳುತ್ತದೆ, ಒಂದೊಂದು ಬ್ಯಾಚನ್ನೂ ಲ್ಯಾಬಿನಲ್ಲಿ ಪರೀಕ್ಷೆ ಮಾಡಿಸಿ ಅಂಗಡಿಗೆ ಕಳಿಸುತ್ತದೆ. ಡಾಕ್ಟರ ಬಾಗಿಲಲ್ಲಿ ಬ್ಯಾಗ್ ಹಿಡಿದು ಕೂರುವ ರೆಪ್‌ಗಳ ಸಂಬಳ, ಬ್ರ್ಯಾಂಡಿನ ಪ್ರಚಾರ, ಇದ್ಯಾವುದೂ ಮಾತ್ರೆಯ ಮೇಲೆ ಬೀಳಲ್ಲ. ಡಾಕ್ಟರಿಗೆ ಸ್ಟ್ರಿಪ್ ತೋರಿಸಿದೆ, ಕೊಡಿ ಅಂದರು. ಮೂರು ತಿಂಗಳ ಸರಾಸರಿ ಶುಗರ್ ಟೆಸ್ಟ್ ಮಾಡಿಸಿದಾಗ ಹಿಂದೆ ಇದ್ದಷ್ಟೇ ಬಂತು. ಸೀಮೆಸುಣ್ಣದ ಮಾತು ಅಲ್ಲಿಗೆ ನಿಂತಿತು.

ಈಗ ಬೈಗುಳ. ಬೋರ್ಡಿನಲ್ಲಿ ಬೆಳಿಗ್ಗೆ ಒಂಬತ್ತು ಅಂತಿದೆ, ಹತ್ತಕ್ಕೆ ಮುಂಚೆ ಹೋದರೆ ಶಟರ್ ನೋಡಿಕೊಂಡು ಬರಬೇಕು. ಸ್ಟಾಕ್ ಇರುವುದು ನಮ್ಮ ಅದೃಷ್ಟ. ಮೂರು ಕೇಳಿದರೆ ಎರಡು ಸಿಗುತ್ತೆ, ಇನ್ನೊಂದಕ್ಕೆ ‘ಸೋಮವಾರ ಬರುತ್ತೆ ಮೇಡಂ’. ಯಾವ ಸೋಮವಾರ ಅಂತ ಹೇಳಲ್ಲ. ಒಂದ್ಸಲ 50/500 ಇಲ್ಲ ಅಂತ ಒಂದು ಮಾತೂ ಹೇಳದೆ 50/1000 ಹಾಕಿಕೊಟ್ಟಿದ್ದ. ಮನೆಗೆ ಬಂದು ಓದಿದ ಮೇಲೆ ಗೊತ್ತಾಯಿತು. ವಾಪಸ್ ಹೋಗಿ ಕೇಳಿದರೆ ‘ಎರಡೂ ಒಂದೇ ಅಲ್ವಾ ಮೇಡಂ’ ಅಂತಾನೆ! ಮೆಟ್‌ಫಾರ್ಮಿನ್ ಎರಡರಷ್ಟು ಆಗುತ್ತಪ್ಪ, ಒಂದೇ ಹೇಗಾಗುತ್ತೆ. ಹಳ್ಳಿಯಿಂದ ಅಪ್ಪನೇ ಬಂದು ತಗೊಂಡು ಹೋಗಿದ್ದರೆ ಓದದೆ ನುಂಗುತ್ತಿದ್ದರು. ಅವತ್ತಿನಿಂದ ಕೌಂಟರ್ ಬಿಡುವ ಮುಂಚೆ ಸಾಲ್ಟ್ ಹೆಸರು (ಬ್ರ್ಯಾಂಡ್ ಅಲ್ಲ, ಒಳಗಿರುವ ಔಷಧದ ಹೆಸರು), ಮಿಲಿಗ್ರಾಂ, ನಿಧಾನವಾಗಿ ಕರಗುವ ಮಾತ್ರೆ ಅಂತ ತಿಳಿಸುವ ಎಸ್‌ಆರ್ ಇದೆಯಾ ಇಲ್ಲವಾ, ಎಕ್ಸ್‌ಪೈರಿ, ನಾಲ್ಕನ್ನೂ ಚೀಟಿ ಜೊತೆ ಹೋಲಿಸಿ ನೋಡುತ್ತೇನೆ. ಹಿಂದೆ ನಿಂತವರು ಗೊಣಗಿದರೆ ಗೊಣಗಲಿ.

ಎಲ್ಲ ಮಾತ್ರೆಗೂ ಈ ದಾರಿ ಇಲ್ಲ. 2024ರಲ್ಲಿ ಡಾಕ್ಟರು ಹೃದಯ, ಕಿಡ್ನಿಗೂ ಒಳ್ಳೆಯದು ಅಂತ ಎಂಪಾಗ್ಲಿಫ್ಲೋಜಿನ್ ಅನ್ನೋ ಇನ್ನೊಂದು ಶುಗರ್ ಮಾತ್ರೆ ಸೇರಿಸಿದರು. ಒಂದು ಮಾತ್ರೆಗೆ 60 ರೂಪಾಯಿ ಹತ್ತಿರ, ತಿಂಗಳಿಗೆ 1,800. ಜನೌಷಧಿಯಲ್ಲಿ ಕೇಳಿದೆ, ಬೇರೆ ಕಂಪನಿಯದು ಕೊಡಿ ಅಂತ ಮೂರು ಮೆಡಿಕಲ್‌ನಲ್ಲಿ ಕೇಳಿದೆ. ಪೇಟೆಂಟ್ ಇನ್ನೂ ಇತ್ತು, ಅಗ್ಗದ್ದು ಇರಲೇ ಇಲ್ಲ. ಹೆಚ್ಚೆಂದರೆ ನೂರಕ್ಕೆ ಹತ್ತು ರೂಪಾಯಿ ಬಿಟ್ಟರು. ಒಂದು ತಿಂಗಳು ಊರಿಗೆ ಹೋದಾಗ ಡಬ್ಬಿಯಲ್ಲಿ ಹಳೆಯದೇ ಒಂದು ಪೂರ್ತಿ ಸ್ಟ್ರಿಪ್, ಅದರ ಮೇಲೆ ಇನ್ನೂ ನಾಲ್ಕು ಮಾತ್ರೆ ಉಳಿದಿತ್ತು. ಎಣಿಸಿ ನೋಡಿದರೆ ಅಪ್ಪ ದಿನ ಬಿಟ್ಟು ದಿನ ತಗೊಳ್ಳುತ್ತಿದ್ದಾರೆ. ಕೇಳಿದರೆ, ‘ನಂಗೇನಾಗದೆ ಬುಡು, ಚೆನ್ನಾಗೇ ಇವ್ನಿ’ ಅಂದು ಎದ್ದು ಹಿತ್ತಲ ಕಡೆ ಹೋದರು. ನನಗೆ ಜಗಳ ಮಾಡಲೂ ಆಗಲಿಲ್ಲ.

ಬುದ್ಧಿ ಬಂದು ಡಾಕ್ಟರಿಗೆ ನೇರವಾಗಿ ಹೇಳಿದೆ, ಸಾರ್ ಇದು ನಮಗೆ ಹೊರೆಯಾಗ್ತಿದೆ, ಅಪ್ಪ ಕದ್ದುಮುಚ್ಚಿ ಮಾತ್ರೆ ತಪ್ಪಿಸ್ತಿದ್ದಾರೆ ಅಂತ. ಮೊದಲೇ ಹೇಳಬಾರದಾ ಅಂತ ಬೈದು, ಆ ಗುಂಪಿನದೇ ಪೇಟೆಂಟ್ ಮುಗಿದಿದ್ದ ಇನ್ನೊಂದು ಮಾತ್ರೆ, ಡಪಾಗ್ಲಿಫ್ಲೋಜಿನ್, ಬರೆದುಕೊಟ್ಟರು. ಖರ್ಚು ಮೊದಲಿನದರ ನಾಲ್ಕರಲ್ಲಿ ಒಂದು ಪಾಲೂ ಆಗಲಿಲ್ಲ. ದುಡ್ಡಿನ ವಿಷಯ ಡಾಕ್ಟರ ಮುಂದೆ ಹೇಳಲು ನಮಗೆ ಅದೇನು ನಾಚಿಕೆಯೋ. (2025ರ ಮಾರ್ಚ್‌ನಲ್ಲಿ ಎಂಪಾಗ್ಲಿಫ್ಲೋಜಿನ್ ಪೇಟೆಂಟೂ ಮುಗಿಯಿತು, ಈಗ ಹತ್ತಾರು ಕಂಪನಿಯದು ಸಿಗುತ್ತೆ, ಬೆಲೆ ಧೊಪ್ಪನೆ ಇಳಿದಿದೆ. ಹಳೇ ಚೀಟಿಯಲ್ಲಿ ದುಬಾರಿ ಬ್ರ್ಯಾಂಡೇ ನಡೆಯುತ್ತಿದ್ದರೆ ಒಮ್ಮೆ ಕೇಳಿ.)

ಹೋಗುವವರಿಗೆ ಒಂದೆರಡು ಮಾತು. ಬ್ರ್ಯಾಂಡ್ ಹೆಸರು ಹೇಳಿದರೆ ಅಲ್ಲಿ ಏನೂ ಸಿಗಲ್ಲ, ಸಾಲ್ಟ್ ಹೆಸರು ಬರೆದುಕೊಂಡು ಹೋಗಿ. ಜನೌಷಧಿ ಸುಗಮ್ ಆ್ಯಪ್‌ನಲ್ಲಿ ಮಾತ್ರೆಯ ದರ, ಹತ್ತಿರದ ಕೇಂದ್ರ ಎರಡೂ ಸಿಗುತ್ತೆ, ಆದರೂ ಅಂಗಡಿಗೆ ಫೋನ್ ಮಾಡಿ ಸ್ಟಾಕ್ ಕೇಳಿಯೇ ಹೊರಡಿ. ಮಾತ್ರೆ ಮುಗಿಯಲು ಹತ್ತು ದಿನ ಇರುವಾಗಲೇ ಹೋಗಿ. ಫಿಟ್ಸ್, ಥೈರಾಯ್ಡ್, ರಕ್ತ ತೆಳು ಮಾಡುವ ಮಾತ್ರೆಗಳನ್ನು ಮಾತ್ರ ಡಾಕ್ಟರನ್ನು ಕೇಳದೆ ಬದಲಾಯಿಸಬೇಡಿ, ಅವುಗಳ ಡೋಸ್ ಸ್ವಲ್ಪ ಹೆಚ್ಚುಕಮ್ಮಿ ಆದರೂ ಕಷ್ಟ. ನಮ್ಮ ಚಿಕ್ಕಮ್ಮನ ಫಿಟ್ಸ್ ಮಾತ್ರೆ ಈಗಲೂ ಹಳೇ ಕಂಪನಿಯದೇ.

ಬೆಲೆಗೆ ಐದಕ್ಕೆ ಐದು. ಸ್ಟಾಕಿಗೆ ಎರಡೂವರೆ. ಕೌಂಟರಿನ ಹುಡುಗನಿಗೆ ಎರಡು ಕೊಡೋಣ ಅಂತಿದ್ದೆ. ಕಳೆದ ತಿಂಗಳು ಇಲ್ಲದ ಮಾತ್ರೆಯನ್ನು ಇನ್ನೊಂದು ಕೇಂದ್ರದಿಂದ ತರಿಸಿಟ್ಟು ತಾನೇ ಫೋನ್ ಮಾಡಿದ್ದ, ಹಾಗಾಗಿ ಮೂರು.

ಅಪ್ಪ ಈಗ ಅರಳಿಕಟ್ಟೆಯಲ್ಲಿ ಕೂತು ಊರವರಿಗೆಲ್ಲ ಸಾಲ್ಟ್ ಹೆಸರಿನ ಪಾಠ ಮಾಡುತ್ತಾರಂತೆ. ಪಕ್ಕದ ಮನೆ ಹುಡುಗನ ಕೈಲಿ ನನಗೆ ವಾಟ್ಸಾಪ್‌ನಲ್ಲಿ ಚೀಟಿ ಫೋಟೋ ಕಳಿಸುತ್ತಾರೆ. ಈ ಶನಿವಾರ ಮಂಡ್ಯ ರೈಲು ಹತ್ತುವಾಗ ನನ್ನ ಬ್ಯಾಗಿನಲ್ಲಿ ಐದು ಜನರ ಮಾತ್ರೆ ಇರುತ್ತೆ, ಅದರಲ್ಲಿ ಇಬ್ಬರು ಯಾರು ಅಂತ ನನಗೆ ಗೊತ್ತೇ ಇಲ್ಲ.