ಹಳೆಯ ಎಂಪಿಎಫ್‌ಐ ಕಾರಿನ ಸೆನ್ಸರ್ ದೋಷ: ಸ್ಕ್ಯಾನರೋ, ಮಲ್ಟಿಮೀಟರೋ?

ಇಪ್ಪತ್ತು ವರ್ಷ ದಾಟಿದ, ಪ್ರತಿ ಸಿಲಿಂಡರಿಗೂ ಪ್ರತ್ಯೇಕ ಇಂಜೆಕ್ಟರಿನಿಂದ ಪೆಟ್ರೋಲ್ ಸಿಂಪಡಿಸುವ ಎಂಪಿಎಫ್‌ಐ ಕಾರನ್ನು ಕೊಡಗಿನ ಮಳೆಯಲ್ಲಿ ಓಡಿಸುವವರು ಮೊದಲು ಕೊಳ್ಳಬೇಕಾದದ್ದು ವೋಲ್ಟೇಜು, ರೋಧ ಅಳೆಯುವ ಡಿಜಿಟಲ್ ಮಲ್ಟಿಮೀಟರ್ ಎಂಬುದು ನನ್ನ ಖಚಿತ ಅಭಿಪ್ರಾಯ. ಕಾರಿನ ಕಂಪ್ಯೂಟರಿನ ಮಾಹಿತಿ ಓದುವ ಗ್ಯಾರೇಜಿನ ದೊಡ್ಡ ಸ್ಕ್ಯಾನರ್ ಮತ್ತು ಮೊಬೈಲಿಗೆ ಬ್ಲೂಟೂತ್ ಮೂಲಕ ಜೋಡಿಸುವ ಅಗ್ಗದ ಸ್ಕ್ಯಾನರ್ ಎರಡನ್ನೂ ಒಂದೇ ದೋಷಕ್ಕೆ ಬಳಸಿ ನೋಡಿದ ಮೇಲೆ ಈ ಮಾತು ಹೇಳುತ್ತಿದ್ದೇನೆ.

ಕಕ್ಕಡದ (ಕೊಡವರ ಜುಲೈ-ಆಗಸ್ಟ್ ತಿಂಗಳು) ಮಳೆ ಹಿಡಿದಾಗ ನನ್ನ ಕಾರು ಬಿಸಿಯಾದ ಮೇಲೂ ಕಪ್ಪು ಹೊಗೆ ಉಗುಳುತ್ತಿತ್ತು, ಪೆಟ್ರೋಲ್ ವಾಸನೆ ಬರುತ್ತಿತ್ತು, ಮೈಲೇಜ್ ಇಳಿದಿತ್ತು. ಬಿಸಿಲು ಬಿದ್ದ ದಿನ ಎಲ್ಲವೂ ಸರಿ. ಚೆಕ್ ಎಂಜಿನ್ ದೀಪ ಮಾತ್ರ ಒಮ್ಮೆಯೂ ಉರಿಯಲಿಲ್ಲ. ಗ್ಯಾರೇಜಿನವರ ಸ್ಕ್ಯಾನರಿನಲ್ಲಿ ಯಾವ ದೋಷದ ಕೋಡೂ ಸಿಗಲಿಲ್ಲವಾದ್ದರಿಂದ ಅವರು ಅಂದಾಜಿನ ಮೇಲೆ ಕೂಲಂಟ್ (ಎಂಜಿನ್ ತಂಪಾಗಿಸುವ ದ್ರವ) ತಾಪಮಾನದ ಸೆನ್ಸರ್ ಬದಲಿಸಿದರು. ಮುಂದಿನ ಮಳೆಗೆ ಅದೇ ಹೊಗೆ.

ಕೋಡ್ ಏಕೆ ಬರಲಿಲ್ಲ ಎಂಬುದನ್ನು ತುಸು ವಿವರವಾಗಿ ಹೇಳಲೇಬೇಕು. ಈ ಸೆನ್ಸರಿನ ರೋಧ, ಅಂದರೆ ವಿದ್ಯುತ್ತಿಗೆ ಒಡ್ಡುವ ತಡೆ, ಬಿಸಿ ಏರಿದಂತೆ ಇಳಿಯುತ್ತದೆ. ನನ್ನ ಕಾರಿನಲ್ಲಿರುವಂಥದ್ದು 20 ಡಿಗ್ರಿಯಲ್ಲಿ ಸುಮಾರು 2.5 ಕಿಲೋಓಮ್, 80 ಡಿಗ್ರಿಯಲ್ಲಿ ಸುಮಾರು 300 ಓಮ್ ತೋರಿಸುತ್ತದೆ. ವೈರು ಪೂರ್ತಿ ಕಡಿದರೆ ಎಂಜಿನ್ ನಿಯಂತ್ರಿಸುವ ಕಂಪ್ಯೂಟರಾದ ಇಸಿಯುವಿಗೆ ಮೈನಸ್ 40 ಡಿಗ್ರಿಯಂತೆ ಕಂಡು ಪಿ0118 ಕೋಡ್ ದಾಖಲಾಗುತ್ತದೆ. ಆದರೆ ಕನೆಕ್ಟರಿನ ಪಿನ್ನಿಗೆ ಕಿಲುಬು ಹಿಡಿದು ದಾರಿಯಲ್ಲಿ ಒಂದು ಕಿಲೋಓಮಿನಷ್ಟು ರೋಧ ಸೇರಿಕೊಂಡರೆ, ಕುದಿಯುವಷ್ಟು ಬಿಸಿಯಾದ ಎಂಜಿನ್ ಇಸಿಯುವಿನ ಲೆಕ್ಕದಲ್ಲಿ 40 ಡಿಗ್ರಿಯ ಆಸುಪಾಸಿನಲ್ಲೇ ಉಳಿಯುತ್ತದೆ. ಅದು ನಂಬಬಹುದಾದ ಅಂಕಿಯೇ ಆದ್ದರಿಂದ ಕೋಡ್ ಬರುವುದಿಲ್ಲ, ಎಂಜಿನ್ ಇನ್ನೂ ತಣ್ಣಗಿದೆಯೆಂದು ಇಸಿಯು ಪೆಟ್ರೋಲನ್ನು ಹೆಚ್ಚಾಗಿ ಸುರಿಯುತ್ತಲೇ ಇರುತ್ತದೆ.

ಮೊಬೈಲ್ ಸ್ಕ್ಯಾನರ್ ಇದರ ಅರ್ಧ ದಾರಿಗೆ ತಲುಪಿಸಿತು. ರೇಡಿಯೇಟರ್ ಹೋಸ್ ಮುಟ್ಟಲಾಗದಷ್ಟು ಸುಡುತ್ತಿದ್ದಾಗಲೂ ಪರದೆಯ ಮೇಲೆ ಕೂಲಂಟ್ 40 ಡಿಗ್ರಿಯ ಹತ್ತಿರವೇ ನಿಂತಿತ್ತು. ಆ ಅಂಕಿ ಸುಳ್ಳೆಂದು ತಿಳಿಯಿತು. ಸುಳ್ಳು ಹುಟ್ಟಿದ್ದು ಸೆನ್ಸರಿನಲ್ಲೋ ವೈರಿನಲ್ಲೋ ಎಂಬುದನ್ನು ಅದು ಹೇಳಲಾರದು.

ಮಲ್ಟಿಮೀಟರ್ ಹೇಳಿತು. ಕೀ ತೆಗೆದು, ಬ್ಯಾಟರಿಯ ನೆಗೆಟಿವ್ ಟರ್ಮಿನಲ್ ಬಿಚ್ಚಿ, ಬಿಸಿ ಎಂಜಿನ್ನಿನಲ್ಲಿ ಸೆನ್ಸರಿನ ಪಿನ್ನುಗಳ ಮೇಲೆಯೇ ಅಳೆದಾಗ 300 ಓಮಿನ ಹತ್ತಿರವಿದ್ದದ್ದು, ಕನೆಕ್ಟರನ್ನು ಮತ್ತೆ ಹಾಕಿ ಇಸಿಯುವಿನ ಕಡೆಯ ಪ್ಲಗ್ಗಿನಲ್ಲಿ ಅಳೆದಾಗ 1.3 ಕಿಲೋಓಮ್ ಆಯಿತು. ಕನೆಕ್ಟರಿನ ರಬ್ಬರ್ ಸೀಲ್ ಒಣಗಿ ಬಿರಿದಿತ್ತು, ಒಳಗೆ ಹಸಿರು ಕಿಲುಬು ತುಂಬಿತ್ತು. ಹೊಸ ಕನೆಕ್ಟರ್ ಹಾಕಿಸಿದ ಮೇಲೆ ಹೊಗೆ ನಿಂತಿದೆ. ಅಳೆಯುವಾಗ ಪ್ರೋಬಿನ ಮೊನೆಯಿಂದ ವೈರಿನ ಹೊದಿಕೆಯನ್ನು ಚುಚ್ಚಬಾರದು; ನಮ್ಮ ಮಳೆಯಲ್ಲಿ ಆ ತೂತಿನಿಂದಲೇ ಮುಂದಿನ ಕಿಲುಬು ಆರಂಭವಾಗುತ್ತದೆ.

ಆಕ್ಸಿಜನ್ ಸೆನ್ಸರಿಗೆ ಮಾತ್ರ ಸ್ಕ್ಯಾನರೇ ಮೇಲು: 0.1ರಿಂದ 0.9 ವೋಲ್ಟಿನ ನಡುವೆ ಅದರ ಓಲಾಟವನ್ನು ಗ್ರಾಫಿನಲ್ಲಿ ನೋಡಬೇಕು. ಎಂಜಿನ್ನಿಗೆ ಹೋಗುವ ಗಾಳಿಯ ಒತ್ತಡ ಅಳೆಯುವ ಮ್ಯಾಪ್ ಸೆನ್ಸರಿಗೂ ಸ್ಕ್ಯಾನರ್ ಸುಲಭ. ಎಂಜಿನ್ ಚಾಲೂ ಮಾಡದೆ ಕೀ ಮಾತ್ರ ತಿರುಗಿಸಿದಾಗ ಮಡಿಕೇರಿಯ ಎತ್ತರದಲ್ಲಿ ಸುಮಾರು 88 ಕಿಲೋಪಾಸ್ಕಲ್ ತೋರಿಸಬೇಕು. ಮಂಗಳೂರಿನ 101 ಇಲ್ಲಿ ಬಂದರೆ ಸೆನ್ಸರನ್ನು ಅನುಮಾನಿಸಬೇಕು.

ವೈರು ಬಿಚ್ಚಿ ನೋಡುವ ಅಭ್ಯಾಸ ನನಗಿದೆ, ಸಾವಿರ ರೂಪಾಯಿಯೊಳಗಿನ ಮೀಟರು ಮನೆಯ ಕೆಲಸಕ್ಕೂ ಆಗುತ್ತದೆ. ಬಾನೆಟ್ ತೆರೆಯುವುದಕ್ಕೇ ಹಿಂಜರಿಯುವವರಿಗೆ ಒಳ್ಳೆಯ ಆಟೊ ಎಲೆಕ್ಟ್ರಿಶಿಯನ್ ಸಾಕು. ಸ್ಕ್ಯಾನರ್ ಕೊಳ್ಳುವುದಾದರೆ ಐಎಸ್‌ಒ 9141-2 ಮತ್ತು ಕೆಡಬ್ಲ್ಯೂಪಿ 2000 ಎಂಬ, ಹಳೆಯ ಕಾರುಗಳ ಇಸಿಯು ಬಳಸುವ ಸಂವಹನ ವಿಧಾನಗಳೆರಡೂ ನಿಜವಾಗಿ ಕೆಲಸ ಮಾಡುವಂಥದ್ದನ್ನೇ, ಹಿಂದಿರುಗಿಸಲು ಅವಕಾಶವಿರುವ ಕಡೆಯೇ ಕೊಳ್ಳಿ. ಇಎಲ್‌ಎಂ327 ಎಂಬ, ಅಗ್ಗದ ಸ್ಕ್ಯಾನರುಗಳೊಳಗಿನ ಚಿಪ್ಪಿನ ಹಲವು ನಕಲುಗಳು ಹಳೆಯ ಕಾರುಗಳ ಇಸಿಯುವಿನೊಂದಿಗೆ ಸಂಪರ್ಕವನ್ನೇ ಸಾಧಿಸುವುದಿಲ್ಲ.