ಅಡುಗೆಮನೆ ಕಪಾಟು ಗೋಡೆಗೆ: ರಾಲ್ ಪ್ಲಗ್, ಆಂಕರ್ ಬೋಲ್ಟ್, ಕೆಮಿಕಲ್ ಆಂಕರ್

ಮೂರಡಿ ಅಗಲ, ಎರಡಡಿ ಎತ್ತರ, ಒಂದಡಿ ಆಳದ ಕಪಾಟನ್ನು 18 ಎಂಎಂ ಪ್ಲೈವುಡ್‌ನಲ್ಲಿ ಮಾಡಿಸಿದರೆ ಖಾಲಿ ಇದ್ದಾಗಲೇ 25 ಕೆಜಿ ಹತ್ತಿರ ತೂಗುತ್ತದೆ. ಹಿತ್ತಾಳೆ ಪಾತ್ರೆ, ಅಕ್ಕಿ-ಬೇಳೆ ಡಬ್ಬ ತುಂಬಿದರೆ 60 ಕೆಜಿ ದಾಟಬಹುದು. ಬೆಂಗಳೂರಿನ ನಮ್ಮ ಮನೆಯಲ್ಲಿ ಹೊರಗೋಡೆ ಸಾಲಿಡ್ ಕಾಂಕ್ರೀಟ್ ಬ್ಲಾಕ್‌ನದು, ಒಳಗೋಡೆ ನಾಲ್ಕಿಂಚಿನ ಎಎಸಿ ಬ್ಲಾಕ್‌ನದು (ಒಳಗೆಲ್ಲ ಗಾಳಿಗುಳ್ಳೆ ಇರುವ ಹಗುರ ಬ್ಲಾಕ್). ಎರಡಕ್ಕೂ ಕಪಾಟು ಕೂರಿಸಬೇಕಿತ್ತು. ಹಾಗಾಗಿ ಮೊದಲೇ ಎಲ್ಲ ಬಗೆಯನ್ನೂ ಹಾಕಿ, ಜಗ್ಗಿ ನೋಡಿದೆವು.

ನಿಮ್ಮ ಗೋಡೆ ಯಾವುದು ಅಂತ ಗೊತ್ತಿಲ್ಲವಾ? ಡ್ರಿಲ್ ಪುಡಿ ನೋಡಿ. ಇಟ್ಟಿಗೆಯದು ಕೆಂಪು. ಸಾಲಿಡ್ ಬ್ಲಾಕ್‌ನದು ಬೂದು ಬಣ್ಣ, ತರಿತರಿ. ಎಎಸಿಯದು ಮೈದಾ ಹಿಟ್ಟಿನ ಹಾಗೆ ಸುರಿಯುತ್ತದೆ. ಮೊದಲ ಅರ್ಧ ಇಂಚು ಬರುವುದು ಪ್ಲಾಸ್ಟರ್ ಪುಡಿ, ಅದನ್ನು ನಂಬಬೇಡಿ.

ರಾಲ್ ಪ್ಲಗ್, ಅಂದರೆ ಸ್ಕ್ರೂ ಹಿಡಿಯಲು ತೂತಿಗೆ ತುರುಕುವ ಪ್ಲಾಸ್ಟಿಕ್ ಕೊಳವೆ, ಅಗ್ಗ, ಬಡಗಿಗಳು ಮೊದಲು ಕೈಹಾಕುವುದೂ ಅದಕ್ಕೇ. ಆದರೆ ಲೆಕ್ಕ ಹಾಕಿ: 50 ಎಂಎಂ ಸ್ಕ್ರೂನಲ್ಲಿ ಕಪಾಟಿನೊಳಗಿನ ಪ್ಲೈವುಡ್ ಪಟ್ಟಿಗೆ 18, ಪ್ಲಾಸ್ಟರ್‌ಗೆ 12ರಿಂದ 15 ಹೋಯಿತು. ಬ್ಲಾಕ್‌ನೊಳಗೆ ಉಳಿದದ್ದು 17ರಿಂದ 20 ಎಂಎಂ ಅಷ್ಟೇ! ಫೋಟೋ ಫ್ರೇಮ್‌ಗೆ ಸಾಕು, ಕಪಾಟಿಗಲ್ಲ. 100 ಎಂಎಂ ಉದ್ದದ ನೈಲಾನ್ ಪ್ಲಗ್ ಸಾಲಿಡ್ ಗೋಡೆಯಲ್ಲಿ ಚೆನ್ನಾಗಿ ಹಿಡಿಯಿತು.

ಹೊರಗೋಡೆಯಲ್ಲಿ ಗೆದ್ದದ್ದು ಆಂಕರ್ ಬೋಲ್ಟ್. ನಟ್ ತಿರುಗಿಸಿದಂತೆ ಅದರ ಸುತ್ತಲಿನ ಲೋಹದ ಕೊಳವೆ ಅಗಲವಾಗಿ ತೂತಿನ ಬದಿಯನ್ನು ಒತ್ತುತ್ತದೆ. ಮೂಲೆಗೆ ತೀರಾ ಹತ್ತಿರ ಹಾಕಿದರೆ ಬ್ಲಾಕ್ ಸೀಳಬಹುದು, ಎಚ್ಚರ. ಇದೇ ಬೋಲ್ಟ್ ಎಎಸಿಯಲ್ಲಿ ಕೆಲಸಕ್ಕೆ ಬರಲಿಲ್ಲ. ಸ್ಪ್ಯಾನರ್ ಸುಮ್ನೆ ತಿರುಗುತ್ತಲೇ ಇತ್ತು, ಬಿಗಿಯಾಗಲೇ ಇಲ್ಲ. ಪುಡಿ ಉದುರಿತು. ಕೊನೆಗೆ ಬೋಲ್ಟ್ ಕೈಯಲ್ಲೇ ಎದ್ದು ಬಂತು. ಒತ್ತಡ ತಡೆಯುವ ಗಟ್ಟಿತನ ಆ ಬ್ಲಾಕ್‌ಗಿಲ್ಲ.

ಅಲ್ಲಿ ನಿಂತದ್ದು ಕೆಮಿಕಲ್ ಆಂಕರ್, ಅಂದರೆ ಟ್ಯೂಬ್‌ನಿಂದ ತೂತಿಗೆ ಅಂಟು ತುಂಬಿ ಅದರಲ್ಲಿ ಕೂರಿಸುವ ಸ್ಟೀಲ್ ಕಂಬಿ. ಇದು ಗೋಡೆಯನ್ನು ಒತ್ತುವುದಿಲ್ಲ, ಅಂಟಿಕೊಳ್ಳುತ್ತದೆ. ಡ್ರಿಲ್‌ನ ಹ್ಯಾಮರ್ (ಬಡಿತ) ಆಫ್ ಮಾಡಿ ತೂತು ಕೊರೆಯಬೇಕು. ಬ್ರಷ್ ಹಾಕಿ, ಪಂಪ್‌ನಿಂದ ಊದಿ ಪುಡಿಯೆಲ್ಲ ತೆಗೆಯಬೇಕು, ಇಲ್ಲದಿದ್ದರೆ ಅಂಟು ಹಿಡಿಯುವುದು ಪುಡಿಯನ್ನೇ. ಆಮೇಲೆ ಅಂಟು ತುಂಬಿ, ಕಂಬಿ ಕೂರಿಸಿ, ಟ್ಯೂಬ್ ಮೇಲೆ ಬರೆದಷ್ಟು ಹೊತ್ತು ಮುಟ್ಟದೆ ಬಿಡಬೇಕು. ದುಡ್ಡು ಜಾಸ್ತಿ, ರಗಳೆಯೂ ಜಾಸ್ತಿ. ಟ್ಯೂಬ್ ನಳಿಕೆಯೊಳಗಿನ ಅಂಟು ಬೇಗ ಗಟ್ಟಿಯಾಗುವುದರಿಂದ ಎಲ್ಲ ತೂತು ರೆಡಿ ಮಾಡಿಕೊಂಡೇ ಟ್ಯೂಬ್ ಒಡೆಯಿರಿ. ಒಳಗೆ ಟೊಳ್ಳಿರುವ ಹಾಲೋ ಬ್ಲಾಕ್ ಆದರೆ, ಅಂಟು ಒಳಗೆ ಸುರಿದುಹೋಗದಂತೆ ತಡೆಯುವ ಜಾಲರಿ ಕೊಳವೆ ಬೇಕೇ ಬೇಕು.

ಕಪಾಟನ್ನು ನೇರವಾಗಿ ಬಿಗಿಯುವುದಕ್ಕಿಂತ ಸ್ಟೀಲ್ ರೈಲ್‌ಗೆ ನೇತುಹಾಕುವುದು ನನಗೆ ಹೆಚ್ಚು ಹಿಡಿಸಿತು. ರೈಲ್ ಮಾತ್ರ ಗೋಡೆಗೆ. ಭಾರ ನಾಲ್ಕೈದು ಬೋಲ್ಟ್‌ಗೆ ಹಂಚಿಹೋಗುತ್ತದೆ. ಕಪಾಟನ್ನು ರೈಲ್‌ಗೆ ಸಿಕ್ಕಿಸುವ ಕೊಕ್ಕೆಯ ಸ್ಕ್ರೂ ತಿರುಗಿಸಿ ಲೆವೆಲ್ ಸರಿಮಾಡಬಹುದು. ಅಗ್ಗದ ದಾರಿ ಬೇಕಾದರೆ ಪ್ಲೈವುಡ್ ಪಟ್ಟಿಯನ್ನು 45 ಡಿಗ್ರಿ ಓರೆಯಾಗಿ ಸೀಳಿ, ಒಂದನ್ನು ಗೋಡೆಗೆ, ಇನ್ನೊಂದನ್ನು ಕಪಾಟಿಗೆ ಹಾಕಿಸಿ; ಕಪಾಟಿನದು ಗೋಡೆಯದಕ್ಕೆ ಕೊಕ್ಕೆಯಂತೆ ಸಿಕ್ಕಿಕೊಳ್ಳುತ್ತದೆ. ಕಪಾಟಿನ ಹಿಂದೆ ಮುಕ್ಕಾಲು ಇಂಚು ಸಂದಿ ಉಳಿಯುತ್ತದೆ, ಜಿರಲೆಗೆ ಖುಷಿ.

ಯಾವುದನ್ನೇ ಆರಿಸಿ, 6 ಎಂಎಂ ಹಿಂಬದಿ ಹಲಗೆಗೆ ಸ್ಕ್ರೂ ಹೊಡೆಯಲು ಬಿಡಬೇಡಿ. ಒಳಗೆ ಮೇಲ್ಗಡೆ 18 ಎಂಎಂ ಪಟ್ಟಿ ಇದೆಯಾ ಅಂತ ಕಪಾಟು ಏರಿಸುವ ಮೊದಲೇ ನೋಡಿಕೊಳ್ಳಿ.